ಕೆನ್ನೆಯ ಮೇಲಿನ ಚುಕ್ಕೆ

ಹಳೆಯ ಚಿತ್ರ ಕೊಂಡವರಿಗೆ ನಾನು ಹೇಳುವ ಮೊದಲ ಮಾತು: ಒರೆಸುವ ಮುಂಚೆ ಒಂದು ವಾರ ಸುಮ್ಮನೆ ನೋಡಿ. ಈ ಬುದ್ಧಿ ನನಗೆ ಬಂದದ್ದು ಮಗಳಿಗೆ ಗಂಡು ನೋಡುತ್ತಿದ್ದ ವರ್ಷ.

ಶಿವಾಜಿನಗರದಲ್ಲಿ ನನ್ನದು ಫ್ರೇಮ್ ಹಾಕುವ ಅಂಗಡಿ. ಹಳೆಯ ಬಂಗಲೆಗಳು ಖಾಲಿಯಾಗುವಾಗ ಸಾಮಾನನ್ನೂ ಕೊಳ್ಳುತ್ತೇನೆ. ಆ ವರ್ಷ ಹಲಸೂರಿನ ಒಂದು ಬಂಗಲೆಯಿಂದ ಹೆಂಗಸೊಬ್ಬಳ ಎಣ್ಣೆಬಣ್ಣದ ಚಿತ್ರ ತಂದೆ. ಪೌಡರ್ ಹಾಕಿ ಮೇಲಕ್ಕೆ ಕಟ್ಟಿದ ಬಿಳಿ ಕೂದಲು, ಗುಲಾಬಿ ಕೆನ್ನೆ, ಬೆರಳ ತುದಿಯಷ್ಟು ಬಾಯಿ, ಕುತ್ತಿಗೆಗೆ ನೀಲಿ ರಿಬ್ಬನ್. ಹುಡುಕಿದರೂ ಒಂದು ಸುಕ್ಕು ಸಿಗದು.

ಇಂದಿರಾನಗರದಿಂದ ಬಂದ ನಿವೃತ್ತ ಡ್ರಾಯಿಂಗ್ ಮೇಡಂ ಒಬ್ಬರು ಅದನ್ನು ನೋಡಿ, "ಇದು ರೊಕೊಕೊ ಅನ್ನೋ ಶೈಲಿ ಚಿತ್ರದ ನಕಲು ಕಣ್ರೀ, ಇನ್ನೂರೈವತ್ತು ವರ್ಷದ ಹಿಂದಿಂದು. ಆಗ ಫ್ರಾನ್ಸಿನ ಅರಮನೆ ಹೆಂಗಸ್ರೆಲ್ಲ ಹೀಗೇ ಬರೆಸ್ಕೊಳ್ತಿದ್ರು. ಮುಖ ಯಾರದಾದ್ರೂ ಕೆನ್ನೆ ಮಾತ್ರ ಇದೇ" ಎಂದರು. ಎರಡು ಸಲ ಎದ್ದು ಹೋಗಿ ಮೂರನೆಯ ಸಲ ನನ್ನ ದರಕ್ಕೆ ಬಂದರು. ಶನಿವಾರ ಒಯ್ಯುವುದೆಂದು ಮಾತಾಯಿತು.

ಅದೇ ವಾರ ಗಂಡಿನ ಕಡೆಗೆ ಕಳಿಸಲು ಮಗಳ ಫೋಟೋ ತೆಗೆಸಿದ್ದೆ. ಅವಳ ಎಡಗೆನ್ನೆಯಲ್ಲಿ ಮೆಣಸಿನ ಕಾಳಿನಷ್ಟು ಮಚ್ಚೆ.

"ಅದನ್ನ ತೆಗೆಸ್ಬಿಡೇ. ಎದುರಿಗೆ ಕೂತಾಗ ಯಾರು ಅಷ್ಟು ನೋಡ್ತಾರೆ" ಎಂದಳು ನನ್ನಕ್ಕ.

ಮಾಲನ್ನು ಒರೆಸಿ ಇಡುವುದು ನನಗೆ ಅಭ್ಯಾಸ. ಮಗಳನ್ನು ಕೇಳದೆಯೇ ಸ್ಟುಡಿಯೋದವನಿಗೆ ಹೇಳಿದೆ. ಅವನು ಮಚ್ಚೆಯ ಜೊತೆಗೆ ಅವಳ ಮೈಬಣ್ಣವನ್ನೂ ಒಂದಿಷ್ಟು ತೊಳೆದುಕೊಟ್ಟ.

ಶುಕ್ರವಾರ ಚಿತ್ರ ಒರೆಸುವಾಗ ಆ ಹೆಂಗಸಿನ ಕಣ್ಣಿನ ಕೆಳಗೆ ಕಪ್ಪು ಚುಕ್ಕೆಯೊಂದು ಕಂಡಿತು. ನೊಣ ಕೂತ ಗುರುತು ಎಂದುಕೊಂಡು ಬ್ಲೇಡಿನ ಮೊನೆಯಿಂದ ಕೆರೆದೆ.

ಮರುದಿನ ಮೇಡಂ ಬಂದವರೇ, "ಚುಕ್ಕೆ ಎಲ್ರೀ?" ಎಂದರು.

"ಗಲೀಜಿತ್ತು ಮೇಡಂ, ಕ್ಲೀನ್ ಮಾಡ್ದೆ."

"ಗಲೀಜಲ್ಲಮ್ಮ, ಅದು ಶೃಂಗಾರ. ಕಪ್ಪು ರೇಷ್ಮೆ ಕತ್ತರಿಸಿ ಕೆನ್ನೆಗೆ ಅಂಟಿಸ್ಕೊಳ್ತಿದ್ರು, ಬಿಳುಪು ಎದ್ದು ಕಾಣ್ಲಿ ಅಂತ."

ಮಗಳು ಅಲ್ಲೇ ಕೂತು ಸ್ಟುಡಿಯೋದ ಕವರ್ ಬಿಚ್ಚುತ್ತಿದ್ದಳು. ತನ್ನ ಫೋಟೋ ನೋಡಿದಳು, ಚಿತ್ರವನ್ನು ನೋಡಿದಳು.

"ಅವ್ಳು ಇಲ್ದೇ ಇರೋದನ್ನ ಅಂಟಿಸ್ಕೊಂಡ್ಳು. ನಂಗೆ ಇರೋದನ್ನೂ ನೀನು ಕೆರೆದುಬಿಟ್ಟೆ. ಈ ಫೋಟೋ ನೋಡಿ ಅವರು ಒಪ್ಪಿದ್ರೆ ಫೋಟೋನೇ ಮದುವೆ ಮಾಡ್ಕೊಡಮ್ಮ. ನಾನಂತೂ ಎದುರಿಗೆ ಬಂದು ಕೂರಲ್ಲ."

ಅಂದು ಮೇಡಂ ಕೇಳುವ ಮುಂಚೆಯೇ ದರ ಇಳಿಸಿದೆ, ಕೆರೆದವಳು ನಾನು. ಅವರು, "ಚುಕ್ಕೆ ನಾನೇ ಬರ್ಕೋತೀನಿ ಬಿಡಿ" ಎಂದು ಆಟೋ ಕರೆದರು.

ಆಟೋ ತಿರುಗುವ ಮೊದಲೇ ಸ್ಟುಡಿಯೋಗೆ ಫೋನ್ ಮಾಡಿದೆ. "ತೆಗೆದಿದ್ದೆಲ್ಲ ವಾಪಸ್ ಹಾಕಪ್ಪಾ. ಬಣ್ಣಾನೂ."

"ಅಂಥ ಕೆಲ್ಸ ಇದುವರ್ಗೂ ಯಾರೂ ಕೊಟ್ಟಿಲ್ಲ ಮೇಡಂ."

"ನಾನು ಕೊಡ್ತಿದೀನಲ್ಲ."

ಅಕ್ಕ ಸಿಟ್ಟಾದಳು. "ಅವರು ಬೇಡ ಅಂದ್ರೆ?"

"ಫೋಟೋ ನೋಡಿಯೇ ಬೇಡ ಅನ್ಲಿ ಅಕ್ಕ. ಮನೆಗೆ ಬಂದು ಉಪ್ಪಿಟ್ಟು ತಿಂದು ಅನ್ನೋದಕ್ಕಿಂತ ವಾಸಿ."

ಹೆಣ್ಣು ಹೆತ್ತವರಿಗೂ ನನ್ನದು ಅದೇ ಮೊದಲ ಮಾತು: ಒರೆಸುವ ಮುಂಚೆ ಸುಮ್ಮನೆ ನೋಡಿ. ಸೋಮವಾರ ಸ್ಟುಡಿಯೋದವನು ನನ್ನ ಫೋನಿಗೆ ಕಳಿಸಿದ ಮಚ್ಚೆಯಿದ್ದ ಫೋಟೋ ಗಂಡಿನ ಮನೆಗೆ ಹೋಯಿತು. ನನ್ನ ಫೋನ್ ಕಿತ್ತುಕೊಂಡು, ಮತ್ತೊಮ್ಮೆ ದೊಡ್ಡದು ಮಾಡಿ ನೋಡಿ, ಕಳಿಸಿದವಳು ಮಗಳೇ.