ಬಿಸಿಲು ಬಿಟ್ಟು ಉಳಿದದ್ದು

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೈಯಲ್ಲಿ ಸ್ವೆಟರ್ ಹಿಡಿದುಕೊಂಡು ಯಲಹಂಕದ ಬಸ್‌ಸ್ಟಾಪಿನಲ್ಲಿ ನಿಲ್ಲುವ ಮನುಷ್ಯನನ್ನು ಜನ ಎರಡು ಬಗೆಯಲ್ಲಿ ನೋಡುತ್ತಾರೆ. ಪಾಪ, ಜ್ವರ ಇರಬೇಕು ಎನ್ನುವುದು ಒಂದು ಬಗೆ. ಇನ್ನೊಂದು ಬಗೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎರಡನ್ನೂ ಹಲವು ವರ್ಷಗಳಿಂದ ಸಹಿಸಿಕೊಂಡು ಬಂದಿದ್ದೇನೆ. ಯಶವಂತಪುರದ ಕೈಗಾರಿಕಾ ಬಡಾವಣೆಯಲ್ಲಿರುವ ನಮ್ಮ ಕಂಪನಿಯ ಒಳಕೋಣೆ ವರ್ಷವಿಡೀ ಮಾಗಿಯ ಬೆಳಗಿನಂತೆ ತಣ್ಣಗಿರುತ್ತದೆ. ಅದು ನಮಗಾಗಿ ಅಲ್ಲ, ಅಲ್ಲಿರುವ ಟೇಪುಗಳಿಗಾಗಿ. ನಾವು ಅವುಗಳ ಜೊತೆ ನಡುಗುವ ನೆಂಟರು.

ನಮ್ಮೂರಿನಲ್ಲಿ ಕೆಲಸ ಎಂದರೆ ಏನನ್ನಾದರೂ ತಯಾರಿಸುವುದು. ಒಬ್ಬ ಗಡಿಯಾರ ಮಾಡುತ್ತಾನೆ, ಇನ್ನೊಬ್ಬ ಟೆಲಿಫೋನು, ಮತ್ತೊಬ್ಬ ವಿಮಾನದ ಯಾವುದೋ ಬಿಡಿಭಾಗ. ನಮ್ಮ ಕಂಪನಿ ಏನನ್ನೂ ತಯಾರಿಸುವುದಿಲ್ಲ, ಇಟ್ಟುಕೊಳ್ಳುತ್ತದೆ. ಬೇರೆ ಕಾರ್ಖಾನೆಗಳ ಸಂಬಳದ ವಿವರ, ಹಾಜರಿ, ದಾಸ್ತಾನು, ಎಲ್ಲವೂ ಟೇಪಿನ ಮೇಲೆ ಬರುತ್ತವೆ. ನಾವು ಜೋಪಾನವಾಗಿಟ್ಟು, ಕೇಳಿದಾಗ ಕಂಪ್ಯೂಟರಿಗೆ ಹಾಕಿ ಓದಿಸಿ ಕೊಡುತ್ತೇವೆ. ಇದನ್ನು ನನ್ನ ಮನೆ ಮಾಲೀಕರಾದ ಮುನಿಶಾಮಪ್ಪನವರಿಗೆ ವಿವರಿಸಲು ಹೋಗಿ ಒಂದು ಭಾನುವಾರವನ್ನೇ ಕಳೆದುಕೊಂಡೆ. ಅವರು ಹಳೇ ಯಲಹಂಕದವರು. ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಅಂಗಾದ್ರೆ ಆಲೂಗೆಡ್ಡೆ ಗೋಡೌನ್ ಇದ್ದಂಗೆ ಅನ್ನಿ,” ಎಂದರು. ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ಯಾಕೆ ಅಲ್ಲ ಎಂಬುದು ಹೊಳೆಯಲಿಲ್ಲ. ಅಂದಿನಿಂದ ಅವರು ನೆಂಟರಿಗೆಲ್ಲ ನನ್ನನ್ನು ಗೋಡೌನ್ ಮೇಷ್ಟ್ರು ಎಂದೇ ಪರಿಚಯಿಸುತ್ತಾರೆ. ಎಂ.ಎ. ಮಾಡಿದವನಾದ್ದರಿಂದ ಮೇಷ್ಟ್ರು. ಉಳಿದದ್ದು ಉದ್ಯೋಗ.

ನಾನು ಓದಿದ್ದು ತತ್ವಶಾಸ್ತ್ರ. ಬೇರೆ ಕೆಲಸ ಸಿಗುವ ತನಕ ಆರು ತಿಂಗಳು ಇದ್ದರಾಯಿತು ಎಂದು ಈ ಕಂಪನಿ ಸೇರಿದೆ. ಒಂದು ಕಡೆ ನೆಟ್ಟಗೆ ಕೂರುವ ಜಾಯಮಾನ ನನ್ನದಲ್ಲ. ಆದರೆ ಈ ಕೆಲಸ ನನ್ನನ್ನು ಹಿಡಿದಿಟ್ಟುಕೊಂಡಿತು. ಅದಕ್ಕೆ ಕಾರಣ ಅಲ್ಲಿನ ಮರೆಯದಿರುವ ವಿಧಾನಗಳು. ದೋಸೆ ಹೆಂಚಿನಷ್ಟು ಅಗಲದ ಚಕ್ರ, ಅದಕ್ಕೆ ಸುತ್ತಿದ ಕಂದು ಬಣ್ಣದ ಪಟ್ಟಿ, ಇದು ಟೇಪು. ಯಾರೂ ಕೇಳದಿದ್ದರೂ ಆಗಾಗ ಪ್ರತಿ ಟೇಪನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ಮತ್ತೆ ಸುತ್ತಿಡಬೇಕು. ಇಲ್ಲದಿದ್ದರೆ ಒಂದು ಪದರದಲ್ಲಿ ಬರೆದದ್ದರ ನೆರಳು ಪಕ್ಕದ ಪದರದ ಮೇಲೆ ಬೀಳುತ್ತದೆ. ಇದರ ಜೊತೆಗೆ ಪ್ರತಿ ಲೆಕ್ಕಕ್ಕೂ ಅಜ್ಜ, ಅಪ್ಪ, ಮಗ ಎಂದು ಮೂರು ತಲೆಮಾರಿನ ಟೇಪುಗಳಿರುತ್ತವೆ. ಮಗ ಕೆಟ್ಟರೆ ಅಪ್ಪನಿಂದ ಹೊಸ ಮಗನನ್ನು ಮಾಡಿಕೊಳ್ಳಬಹುದು. ಅಪ್ಪನೂ ಕೆಟ್ಟರೆ ಅಜ್ಜ ಇದ್ದಾನೆ. ಇದನ್ನು ಮೊದಲ ಸಲ ಕೇಳಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ತಲೆಯೊಳಗಿರುವುದು ಬರೀ ಮಗ, ಅದೂ ದಾರಿ ತಪ್ಪಿದ ಮಗ.

ಹೆಬ್ಬಾಳದ ಕೆರೆ ಕೋಡಿ ಬಿದ್ದ ವರ್ಷ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ತೋರಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಪ್ಪನ ತಲೆಯ ಹರಳೆಣ್ಣೆಯ ವಾಸನೆ ಕೂಡ ಇದೆ. ಕಾಲೇಜಿನಲ್ಲಿದ್ದಾಗ ಒಮ್ಮೆ ಇದನ್ನು ವರ್ಣಿಸುತ್ತಿದ್ದೆ. ಅಮ್ಮ ಅಕ್ಕಿ ಆರಿಸುತ್ತ ತಲೆಯೆತ್ತದೆ, ಹೆಗಲ ಮೇಲಿದ್ದವನು ನಿಮ್ಮಣ್ಣ, ನೀನಿನ್ನೂ ಹೊಟ್ಟೆಯಲ್ಲಿದ್ದೆ ಎಂದುಬಿಟ್ಟಳು. ಅಣ್ಣ ಎಷ್ಟು ಸಲ ಹೇಳಿದ್ದನೋ, ನಾನು ಎಷ್ಟು ಸಲ ಕೇಳಿದ್ದೆನೋ, ಕೊನೆಗೆ ಅವನನ್ನು ಕೆಳಗಿಳಿಸಿ ನಾನೇ ಹತ್ತಿ ಕೂತಿದ್ದೆ. ತರ್ಕಶಾಸ್ತ್ರದವರಾದ ನಮ್ಮ ಹಳೆಯ ನೈಯಾಯಿಕರು ನೆನಪನ್ನು ನಿಜ ತಿಳಿಸುವ ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸಲಿಲ್ಲ. ಪ್ರತ್ಯಕ್ಷಕ್ಕೆ ಎಲೆ ಹಾಕಿದರು, ಹೊಗೆ ಕಂಡು ಬೆಂಕಿ ಊಹಿಸುವ ಅನುಮಾನಕ್ಕೂ ಹಾಕಿದರು, ಸ್ಮೃತಿಯನ್ನು ಮಾತ್ರ ಹೊರಗೇ ನಿಲ್ಲಿಸಿದರು. ಅವರ ಮನೆಯಲ್ಲೂ ಅಕ್ಕಿ ಆರಿಸುವ ಒಬ್ಬ ಅಮ್ಮ ಇದ್ದಿರಬೇಕು.

ಪುಸ್ತಕದಲ್ಲಿದ್ದಷ್ಟು ದಿನ ಈ ಸಂಶಯ ಸುಖವಾಗಿತ್ತು. ಅದರ ಭಾರ ತಿಳಿದದ್ದು ಅನ್ವರನ ವಿಚಾರಣೆಯ ವಾರದಲ್ಲಿ.

ಅನ್ವರ್ ನನ್ನ ಜೊತೆ ಟೇಪು ಕೋಣೆಯಲ್ಲಿದ್ದವನು. ಆರ್.ಟಿ. ನಗರದವನು, ಬಿ.ಎಸ್ಸಿ. ಮಾಡಿದ್ದ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಕಂಪ್ಯೂಟರು ಕೈಕೊಟ್ಟಾಗ ಎರಡರಲ್ಲೂ ಬೈಗುಳ. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮನೆಗೆ ಆಗ ಸಂಬಳ ತರುತ್ತಿದ್ದವನು ಅವನೊಬ್ಬನೇ.

ಇಲ್ಲಿ ನಮ್ಮ ಕೋಣೆಯ ಒಂದು ಪದ್ಧತಿಯನ್ನು ಹೇಳಬೇಕು. ಟೇಪಿನ ಹಿಂಬದಿಯಲ್ಲಿ ಒಂದು ದುಂಡನೆಯ ತೋಡು ಇರುತ್ತದೆ. ಅದರೊಳಗೆ ಪ್ಲಾಸ್ಟಿಕ್ಕಿನ ರಿಂಗು ಕೂರಿಸಿದರೆ ಮಾತ್ರ ಯಂತ್ರ ಆ ಟೇಪಿನ ಮೇಲೆ ಹೊಸದಾಗಿ ಬರೆಯುತ್ತದೆ, ಬರೆಯುವಾಗ ಹಳೆಯದು ಅಳಿಯುತ್ತದೆ. ರಿಂಗು ಇಲ್ಲದಿದ್ದರೆ ಓದಬಹುದು, ಅಷ್ಟೆ. ಆದ್ದರಿಂದ ಕಾಪಾಡಬೇಕಾದ ಟೇಪು ಯಂತ್ರದಿಂದ ಇಳಿದ ತಕ್ಷಣ ರಿಂಗನ್ನು ಎಳೆದು ತೆಗೆಯಬೇಕು. ತೆಗೆದ ರಿಂಗನ್ನು ಮೊಳೆಗೆ ತಗುಲಿಹಾಕುವ ತನಕ ಕೈಗೆ ಏರಿಸಿಕೊಳ್ಳುವುದು ನಮ್ಮ ವಾಡಿಕೆ. ಹೀಗಾಗಿ ಅದಕ್ಕೆ ಬಳೆ ಎಂದೇ ಹೆಸರಾಗಿತ್ತು. ಕೆಲಸ ಜೋರಾಗಿದ್ದ ದಿನ ಅನ್ವರನ ಕೈತುಂಬ ಹಳದಿ ಬಳೆ. ಎಷ್ಟೋ ಸಲ ಅವನು ಅವನ್ನು ತೆಗೆಯುವುದನ್ನು ಮರೆತು ಎದುರಿನ ಟೀ ಅಂಗಡಿಗೆ ಬಂದುಬಿಡುತ್ತಿದ್ದ. ಅಂಗಡಿಯವನು, “ಏನ್ ಸಾಯ್ಬ್ರೇ, ಇವತ್ತು ಸೀಮಂತ ಯಾರ್ ಮಾಡಿದ್ರು?” ಎಂದು ಕೇಳುತ್ತಿದ್ದ.

ಒಂದು ಶನಿವಾರ ಒಂದು ಕಾರ್ಖಾನೆಯ ಸಂಬಳದ ಟೇಪಿನ ಮೇಲೆ ಬಟ್ಟೆ ಗಿರಣಿಯೊಂದರ ದಾಸ್ತಾನು ಬರೆದುಹೋಯಿತು. ಬರೆಸಿದವನು ನಮ್ಮ ಪಾಳಿಯ ಮೇಲ್ವಿಚಾರಕ ನಾಗರಾಜ. ಖಾಲಿ ಟೇಪು ಎಂದು ತಿಳಿದು ಕಪಾಟಿನಿಂದ ತಪ್ಪು ಟೇಪನ್ನು ಎಳೆದಿದ್ದ. ಟೇಪು ತಪ್ಪಿದ್ದನ್ನು ಅವನು ಒಪ್ಪಿದ. ಆದರೆ ಅದರಲ್ಲಿ ಬಳೆ ಮೊದಲೇ ಇತ್ತು, ಬುಧವಾರ ಅದನ್ನು ಕಪಾಟಿನಲ್ಲಿಟ್ಟ ಅನ್ವರ್ ತೆಗೆದಿರಲಿಲ್ಲ, ತೆಗೆದಿದ್ದರೆ ಯಂತ್ರವೇ ತನ್ನನ್ನು ತಡೆಯುತ್ತಿತ್ತು ಎಂದು ವಾದಿಸಿದ. ಅನ್ವರನದು ಬೇರೆ ಮಾತು: ನಾನು ತೆಗೆದೇ ಇಟ್ಟಿದ್ದೆ, ಶನಿವಾರ ನಾಗರಾಜನೇ ಹಾಕಿದ. ಇಬ್ಬರಲ್ಲಿ ಒಬ್ಬ ತಪ್ಪು. ಬುಧವಾರ ಕೋಣೆಯಲ್ಲಿದ್ದ ಮೂರನೆಯವನು ನಾನು.

ಸಂಬಳದ ಲೆಕ್ಕವನ್ನು ಅಪ್ಪ ತಲೆಮಾರಿನ ಟೇಪಿನಿಂದ ಮತ್ತೆ ಕಟ್ಟಿದ್ದಾಯಿತು. ಅನ್ವರನ ನೌಕರಿಗೆ ಅಂಥ ವ್ಯವಸ್ಥೆ ಇರಲಿಲ್ಲ. ಬಳೆ ಬಿಟ್ಟವನು ಅವನೇ ಎಂದಾದರೆ ಮನೆಗೆ ಹೋಗಬೇಕು.

“ನೀನ್ ಅಲ್ಲೇ ಇದ್ದೆ ಗುರು. ನಾನ್ ಬಳೆ ಎಳೆದಿದ್ದು ನೋಡ್ದೆ ತಾನೆ?” ಎಂದು ಅನ್ವರ್ ಟೀ ಅಂಗಡಿಯಲ್ಲಿ ಕೇಳಿದ.

“ನೋಡ್ದೆ,” ಎಂದೆ. ಸುಳ್ಳಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿತ್ತು.

“ಅಷ್ಟ್ ಹೇಳು ಸಾಕು.”

ಆ ಸಂಜೆ ಯಲಹಂಕದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದೇ ತಪ್ಪಾಯಿತು. ವಿಚಾರಣೆಯಲ್ಲಿ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಮತ್ತೆ ಓಡಿಸಿ ನೋಡಿದೆ. ಅನ್ವರ್ ನಿಂತಿದ್ದಾನೆ. ಎಡಗೈಯಲ್ಲಿ ಟೇಪು. ಬಲಗೈಯ ಬೆರಳು ತೂರಿಸಿ ಬಳೆಯನ್ನು ಎಳೆಯುತ್ತಾನೆ, ಕೈಗೆ ಏರಿಸಿಕೊಳ್ಳುತ್ತಾನೆ, ನನ್ನ ಕಡೆ ನೋಡಿ ನಗುತ್ತಾನೆ. ಹಳದಿ ಬಳೆಯ ಮೇಲೆ ಇಳಿಬಿಸಿಲು ಬಿದ್ದು ಹೊಳೆಯುತ್ತದೆ. ಹೆಬ್ಬಾಳ ದಾಟುತ್ತಿದ್ದಂತೆ ಒಂದು ವಿಷಯ ತಟ್ಟಿತು. ನಮ್ಮ ಟೇಪು ಕೋಣೆಗೆ ಕಿಟಕಿಯೇ ಇಲ್ಲ.

ಬಿಸಿಲು ಎಲ್ಲಿಂದ ಬಂತು? ಬಹುಶಃ ಟೀ ಅಂಗಡಿಯಿಂದ, ಬೇರೆ ಯಾವುದೋ ದಿನದಿಂದ. ಬಳೆ ಎಳೆದದ್ದು ಒಂದು ದಿನ, ಹೊಳೆದದ್ದು ಇನ್ನೊಂದು ದಿನ, ನಕ್ಕದ್ದು ಮತ್ತೊಂದು ದಿನ ಇರಬಹುದು. ಅನ್ವರ್ ಬಳೆ ತೆಗೆಯುವುದನ್ನು ದಿನಾಲೂ ನೋಡಿದವನಿಗೆ ಬುಧವಾರದ್ದೇ ಎಂದು ಬೇರೆಯಾಗಿ ಎತ್ತಿ ಕೊಡಲು ಏನಿದೆ? ಮನಸ್ಸು ನಾಲ್ಕಾರು ಚೂರು ಸೇರಿಸಿ ಗೆಳೆಯನಿಗೆ ಬೇಕಾದ ಚಿತ್ರವನ್ನು ಹೊಲಿದು ಕೊಟ್ಟಿತ್ತು, ಹೊಲಿಗೆ ಕಾಣದಂತೆ. ಬಿಸಿಲೆಂಬ ಒಂದು ಎಳೆ ಬಿಚ್ಚಿಕೊಂಡಿರದಿದ್ದರೆ ನಾನೂ ನಂಬಿಬಿಡುತ್ತಿದ್ದೆ.

ಮರುದಿನ ಅನ್ವರನಿಗೆ ಹೇಳಿದೆ. ಯಾಕೆ ಹೇಳಿದೆನೋ, ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

“ಬಿಸಿಲು ಬಿಟ್ಟು ಉಳಿದದ್ದು ಹೇಳು ಗುರು,” ಎಂದ.

ಎಷ್ಟು ಸರಳವಾದ ಮಾತು. ವಿಶ್ವವಿದ್ಯಾಲಯದಲ್ಲಿ ಯಾರೂ ನನಗೆ ಇದನ್ನು ಕಲಿಸಿರಲಿಲ್ಲ. ಪ್ರಪಂಚದ ಸಾಕ್ಷಿಗಳೆಲ್ಲ ಮಾಡುವುದು ಇದನ್ನೇ ಇರಬೇಕು, ಬಿಸಿಲು ಬಿಟ್ಟು ಉಳಿದದ್ದು ಹೇಳುವುದು. ಬಿಟ್ಟದ್ದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಆದರೆ ನನ್ನಂಥವನಿಗೆ ಒಂದು ಎಳೆ ಬಿಚ್ಚಿದರೆ ಇಡೀ ಬಟ್ಟೆಯೇ ಅನುಮಾನ.

ನಮ್ಮ ಮ್ಯಾನೇಜರು ವಾಯುಪಡೆಯಿಂದ ನಿವೃತ್ತರಾಗಿ ಬಂದವರು. ಮೇಜಿನಾಚೆ ನೆಟ್ಟಗೆ ಕೂತು, ಅನ್ವರ್ ಮತ್ತು ನಾಗರಾಜನ ಎದುರಿಗೇ ನನ್ನನ್ನು, ಬುಧವಾರ ಅನ್ವರ್ ಬಳೆ ತೆಗೆದದ್ದನ್ನು ನೋಡಿದಿರೋ ಇಲ್ಲವೋ ಎಂದು ಕೇಳಿದರು. ಅವನು ಬಳೆ ತೆಗೆಯದೆ ಟೇಪು ಇಟ್ಟದ್ದನ್ನು ನಾನು ಯಾವತ್ತೂ ಕಂಡಿಲ್ಲ, ಆದರೆ ಬುಧವಾರದ್ದು ಎಂದು ಬೇರೆಯಾಗಿ ನನಗೆ ನೆನಪಿಲ್ಲ ಎಂದೆ. ಅನ್ವರ್ ನೆಲ ನೋಡುತ್ತಿದ್ದ. ನಾಗರಾಜ ಮಾತ್ರ ಗಟ್ಟಿಯಾಗಿ, ಬಳೆ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಟೇಪು ತಿರುಗಿಸಿ ನೋಡಿದ್ದೇನೆ ಎಂದ. ಅದನ್ನು ಎರಡು ಸಲ ಹೇಳಿದ. ಮ್ಯಾನೇಜರು ಕನ್ನಡಕ ತೆಗೆದರು.

“ಹಿಂದ್ಗಡೆ ಅಷ್ಟು ಸರಿಯಾಗಿ ನೋಡಿದವ್ರು, ಮುಂದ್ಗಡೆ ದಪ್ಪಕ್ಷರದಲ್ಲಿರೋ ಕಾರ್ಖಾನೆ ಹೆಸ್ರು ಯಾಕ್ರೀ ನೋಡ್ಲಿಲ್ಲ?”

ಅಲ್ಲಿಗೆ ವಿಚಾರಣೆ ಮುಗಿಯಿತು. ನಾಗರಾಜನಿಗೆ ಎಚ್ಚರಿಕೆ ಕೊಟ್ಟರು, ಅನ್ವರನ ನೌಕರಿ ಕಾಯಂ ಆಯಿತು. ಬಳೆಯ ತಪ್ಪು ಯಾರದ್ದು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ನನ್ನ ಸಂಶಯ ಅನ್ವರನನ್ನು ಉಳಿಸಲಿಲ್ಲ, ನಾಗರಾಜನ ಖಚಿತತೆ ಉಳಿಸಿತು. ಆಮೇಲೆ ಕೆಲವು ದಿನ ಅನ್ವರ್ ನನ್ನ ಜೊತೆ ಟೀಗೆ ಬರಲಿಲ್ಲ. ಬಂದ ಮೇಲೂ ಆ ವಿಷಯ ಎತ್ತಲಿಲ್ಲ. ಮರುವರ್ಷ ಅವನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ನಾನು ಆರು ತಿಂಗಳಿಗೆಂದು ಬಂದವನು ಅಲ್ಲೇ ಉಳಿದೆ.

ಹೋದ ತಿಂಗಳು ಅವನು ಶೆಟ್ಟಿಹಳ್ಳಿಯ ಹತ್ತಿರ ಮನೆ ಕಟ್ಟಿ ನನ್ನನ್ನು ಕರೆದ. ಹೋಗಲು ಹಿಂಜರಿದೆ. ಅವನಿಗೆ ಬೇಕಾದ ಒಂದು ಮಾತನ್ನು ನಾನು ಕೊಟ್ಟಿರಲಿಲ್ಲವಲ್ಲ. ಆದರೂ ಹೋದೆ. ಸುಣ್ಣ ಬಣ್ಣದ ವಾಸನೆ ಇನ್ನೂ ಆರದ ಹಜಾರದಲ್ಲಿ ಅನ್ವರ್ ನನ್ನ ಕೈ ಹಿಡಿದು ತನ್ನ ತಂದೆಯ ಮುಂದೆ ನಿಲ್ಲಿಸಿದ. ದಖನಿಯಲ್ಲಿ ಏನೋ ಹೇಳಿ, ನನಗೂ ತಿಳಿಯಲೆಂದು ಕನ್ನಡದಲ್ಲಿ ಮತ್ತೆ ಹೇಳಿದ:

“ಅಬ್ಬಾ, ಇವ್ರೇ. ಬಳೆ ತೆಗ್ದಿದ್ದು ಕಣ್ಣಾರೆ ನೋಡ್ದೆ ಅಂತ ಮ್ಯಾನೇಜರ್ ಮುಂದೆ ಹೇಳಿದ್ದು ಇವ್ರೇ. ಇವ್ರಿಲ್ದಿದ್ರೆ ಈ ಮನೇನೂ ಇಲ್ಲ.”

ಮುದುಕರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು, ಬಿಡಲಿಲ್ಲ. ಆಮೇಲೆ ಅನ್ವರನನ್ನು ಟೆರೇಸಿಗೆ ಕರೆದುಕೊಂಡು ಹೋದೆ.

“ನಾನ್ ಹಂಗ್ ಹೇಳ್ಲಿಲ್ಲ ಕಣೋ. ನೆನಪಿಲ್ಲ ಅಂದೆ.”

“ಸುಮ್ನಿರು ಗುರು. ಟೇಬಲ್ ಕುಟ್ಟಿ ಹೇಳ್ದೆ ನೀನು. ಅವತ್ತೇ ಹೋಗಿ ಒಟ್ಟಿಗೆ ಟೀ ಕುಡಿದ್ವಿ.”

“ನಾನು? ಟೇಬಲ್ಲು?”

ಅವನು ನಗಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿರಲೂ ಇಲ್ಲ. ಅವನ ಕಣ್ಣಿನಲ್ಲಿ ನಾನು ಟೇಬಲ್ ಕುಟ್ಟುತ್ತಿರುವುದು ಕಾಣುತ್ತಿತ್ತು. “ಹೇಳ್ಲಿಲ್ಲ ಅಂತ ನಿಂಗ್ ಗ್ಯಾರಂಟಿನಾ?” ಎಂದು ಕೇಳಿದ.

ಬದುಕಿಡೀ ಈ ಪ್ರಶ್ನೆಯನ್ನು ನಾನು ಇತರರಿಗೆ ಕೇಳಿ ಪೀಡಿಸಿದ್ದೇನೆ. ನನ್ನ ಕಡೆ ತಿರುಗಿದಾಗ ಅದರ ಮೊನೆ ತಿಳಿಯಿತು. ನೆನಪಿಲ್ಲ ಎಂದು ಹೇಳಿದ್ದು ನನಗೆ ನೆನಪಿದೆ. ಆದರೆ ಅದು ನನ್ನಂಥವನು ಹೇಳಬಹುದಾದ ಮಾತು ಎಂಬುದಕ್ಕಾಗಿಯೇ ನೆನಪಿದೆಯೋ ಏನೋ.

ಕೆಳಗೆ ಹೋದಾಗ ಮುದುಕರು ತಾವೇ ತಟ್ಟೆ ಹಿಡಿದು ಬಂದು, ಬೂದುಗುಂಬಳದ ಸಿಹಿಯಾದ ದಂರೋಟಿನ ಎರಡನೆಯ ತುಂಡನ್ನು ನನಗೆ ಬಡಿಸಿದರು. ಅದು ನಿಜವಾಗಿ ಟೇಬಲ್ ಕುಟ್ಟಿದವನಿಗೆ ಸಲ್ಲಬೇಕಾದದ್ದು. ಬೇಡವೆನ್ನದೆ ತಿಂದೆ. ಅವನು ನಾನಲ್ಲದಿದ್ದರೆ ಅವನಿಗೊಂದು ನಮಸ್ಕಾರ. ನಾನೇ ಆಗಿದ್ದರೆ, ಅಂಥ ಒಬ್ಬ ಮನುಷ್ಯ ಇಷ್ಟು ವರ್ಷ ನನ್ನೊಳಗೇ ಇದ್ದು, ಅವನ ಪರಿಚಯ ನನಗೆ ಬೇರೊಬ್ಬರ ಮನೆಯಲ್ಲಿ ಆಯಿತು.