ಹಗೇವಿಗೆ ಇಳಿದ ಕಂದೀಲು

ದನಿ ಕೇಳಿತು, ನೆರಳು ಕಂಡಿತು ಎನ್ನುವವರ ಮಾತನ್ನು ನಾನು ನಂಬುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುವಾಗ ಅಂಥವರನ್ನು ಪ್ರಶ್ನೆ ಕೇಳಿ ಸುಸ್ತು ಮಾಡುವುದೇ ನನಗೊಂದು ಚಟವಾಗಿತ್ತು. ಈಗಲೂ ಪೂರ್ತಿ ನಂಬುತ್ತೇನೆಂದಲ್ಲ. ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆಂದು ಗೊತ್ತಿದ್ದೂ, ಕೊಟ್ಟೂರಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದಂತೆ ಬರೆಯಲು ನೋಡುತ್ತೇನೆ.

ತೊಂಬತ್ತರ ದಶಕದ ಕೊನೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಖಡಕ್ ರೊಟ್ಟಿ ಮಾಡಿ ಮಾರಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದರು. ರೊಟ್ಟಿ ಪೇರಿಸಿಡುತ್ತಿದ್ದುದು ನೆಲಮಾಳಿಗೆಯಲ್ಲಿ. ಆ ವರ್ಷ ಅಲ್ಲಿನ ಗೋಡೆ ಒಸರತೊಡಗಿತು. ಮೊದಲು ಬೂಷ್ಟು, ಆಮೇಲೆ ನಾತ, ಕೊನೆಗೆ ಪಾದ ಮುಳುಗುವಷ್ಟು ಬಚ್ಚಲ ನೀರು.

ತಪ್ಪು ನಮ್ಮದೇ. ಹಿತ್ತಲಲ್ಲಿ, ನೆಲಮಾಳಿಗೆಯ ಗೋಡೆಗೆ ಹತ್ತಿಕೊಂಡಂತೆ, ಅಜ್ಜನ ಕಾಲದ ಹಗೇವು ಇತ್ತು. ಜೋಳ ತುಂಬಿಡುತ್ತಿದ್ದ, ನೆಲದೊಳಗಿನ ಕಣಜ. ಬಚ್ಚಲು ಕಟ್ಟಿಸುವಾಗ, ಇಷ್ಟು ದೊಡ್ಡ ಗುಂಡಿ ಖಾಲಿ ಬಿದ್ದಿರಲು ಮತ್ತೊಂದು ಯಾಕೆ ತೋಡಬೇಕೆಂದು ಪೈಪನ್ನು ಅದಕ್ಕೇ ಬಿಟ್ಟು, ಬಾಯಿಗೆ ಬಂಡೆ ಮುಚ್ಚಿದ್ದೆವು. ಆ ಸಲಹೆ ಕೊಟ್ಟವನು ನಾನು.

ಗೌಂಡಿ ಹನುಮಂತ ಬಂದು ನೋಡಿ ನಕ್ಕ. "ಜ್ವಾಳದ ಮನಿಗೆ ಬಚ್ಚಲ ಬಿಟ್ಟೀರಿ ಸರ. ಓದಿದೋರ ಕೆಲಸ ಇದು." ಕೆಳಗಿಳಿದು ಪೈಪಿನ ಬಾಯಿ ಮುಚ್ಚಬೇಕು, ನೀರನ್ನು ಬೀದಿಯ ಚರಂಡಿಗೆ ತಿರುಗಿಸಬೇಕು ಎಂದ. ಹಗೇವಿನ ನೀರು ಇಂಗಲೆಂದು ಎರಡು ದಿನ ಬಚ್ಚಲು ಬಳಸಲಿಲ್ಲ.

ಮೂರನೆಯ ದಿನ ಮಟಮಟ ಮಧ್ಯಾಹ್ನ ಬಂಡೆ ಸರಿಸಿದೆವು. ಅತ್ತಿಗೆ ಬಸುರಿಯೊಬ್ಬಳ ಕುಬಸದ ಮನೆಗೆ ರೊಟ್ಟಿ ಒಪ್ಪಿಕೊಂಡಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲೇಬೇಕೆಂದು ನನಗೆ ಅವಸರ. ಹನುಮಂತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದ. "ಲಗೂನ ಇಳಿ" ಎಂದೆ. ಆಗಲೇ ನನ್ನ ಬೆನ್ನ ಹಿಂದೆ ಯಾರೋ ಮುದುಕ ಸಾವಕಾಶವಾಗಿ ಹೇಳಿದ: "ಮೊದಲ ಕಂದೀಲ ಇಳಸ್ರಿ."

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹನುಮಂತ ಆಗಲೇ ಕಾಲು ಮೇಲೆಳೆದುಕೊಂಡಿದ್ದ. ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಬಿಟ್ಟೆವು. ಒಂದಾಳು ಆಳ ಹೋಗುವ ಮೊದಲೇ ಆರಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಹಿಂದೆ ಹಗೇವಿಗೆ ಇಳಿಯುವವರು ಹೀಗೇ ದೀಪ ಬಿಟ್ಟು ಒಳಗಿನ ಗಾಳಿ ನೋಡುತ್ತಿದ್ದರೆಂದು ನನಗೆ ತಿಳಿದದ್ದು ಆಮೇಲೆ. ದೀಪ ಆರುವಲ್ಲಿ ಮನುಷ್ಯ ಉಳಿಯುವುದಿಲ್ಲ.

ಯಾರೂ ಇಳಿಯಲಿಲ್ಲ. ಹನುಮಂತ ಮೇಲಿನಿಂದಲೇ ಪೈಪು ಕೊಯ್ದು ಚರಂಡಿಗೆ ಕೂಡಿಸಿದ. ಹಗೇವಿಗೆ ಮಣ್ಣು ತುಂಬಿದೆವು. ಅತ್ತಿಗೆ ಆ ಸಲದ ರೊಟ್ಟಿಯನ್ನು ನಡುಮನೆಯ ಮಂಚ ಎತ್ತಿಸಿ ಅಲ್ಲೇ ಪೇರಿಸಿದರು. ಎರಡು ತಿಂಗಳಲ್ಲಿ ನೆಲಮಾಳಿಗೆ ಒಣಗಿ ಸುಣ್ಣ ಕಂಡಿತು.

ಅಡುಗೆಮನೆಯಲ್ಲಿದ್ದ ಅತ್ತಿಗೆಗೂ ಆ ಮಾತು ಕೇಳಿತ್ತು. ಆದರೆ ಅವರಿಗೆ ಕೇಳಿದ್ದು ಹೆಣ್ಣುದನಿ. ಪಕ್ಕದ ಮನೆಯವರೆಂದುಕೊಂಡಿದ್ದರಂತೆ; ಆದರೆ ಆ ಮನೆಯವರು ಅಂದು ಊರಲ್ಲೇ ಇರಲಿಲ್ಲ. ನನ್ನ ದಿನಚರಿಯಲ್ಲಿ ಆ ದಿನಕ್ಕೆ ಒಂದೇ ಸಾಲಿದೆ: "ಎರಡು ಸಲ ಆರಿತು." ಯಾರು ಹೇಳಿದರೆಂದು ಬರೆದಿಲ್ಲ.

ಹನುಮಂತನಿಗೆ ಮಾತ್ರ ಇದರಲ್ಲಿ ಸೋಜಿಗವೇ ಇಲ್ಲ. ಮೊನ್ನೆ ಮಗಳ ಮದುವೆಯ ಕಾರ್ಡು ಕೊಡಲು ಬಂದಾಗಲೂ ಅದನ್ನೇ ಅಂದ: "ನೀವ ಅಂದ್ರಿ ಸರ. ನಿಮ್ಮ ಬಾಯಿ ನೋಡಕೋತನ ಕುಂತಿದ್ದೆ ನಾನು."

ಆ ಗಳಿಗೆಯಲ್ಲಿ ನನ್ನ ಬಾಯಲ್ಲಿದ್ದ ಮಾತು ಯಾವುದೆಂದು ನನಗೆ ಗೊತ್ತು. ಆದರೂ ಅವನು ಅಷ್ಟು ನಿಶ್ಚಯವಾಗಿ ಹೇಳುವಾಗ, ಅವನದೇ ನಿಜವಾಗಿರಲಿ ಎಂದು ಆಸೆಯಾಗುತ್ತದೆ.