ಮಗುಚಿ ನೋಡುತ್ತಿದ್ದ ಉಸ್ಮಾನಾಕ

ಉಸ್ಮಾನಾಕ ಯಾವ ವಸ್ತುವನ್ನೂ ಮೊದಲು ಮುಂಭಾಗದಿಂದ ನೋಡಿದವರಲ್ಲ. ಕೈಗೆ ಏನು ಕೊಟ್ಟರೂ ಮಗುಚಿ, ಹಿಂಬದಿ ನೋಡಿ, ಬಲಗೈ ಹೆಬ್ಬೆರಳಿನ ಉದ್ದ ಉಗುರಿನಿಂದ ಅಂಚು ಸವರಿ, "ಇದು ಯಾರು ಮಾಡಿದ್ದು?" ಎಂದು ಕೇಳುತ್ತಿದ್ದರು. ಗಲ್ಫಿನ ಕರಾಮ ಪೇಟೆಯ ಹೋಟೆಲಿನಲ್ಲಿ ನೀರುದೋಸೆ ಚೆನ್ನಾಗಿದ್ದರೆ ಎದ್ದು ಹೋಗಿ ಅಡುಗೆಯವನ ಹೆಸರು ತಿಳಿದು ಬರುತ್ತಿದ್ದರು. ದೋಸೆಯನ್ನೂ ಮಗುಚಿ ನೋಡುತ್ತಿದ್ದರೆಂದು ನನ್ನ ನೆನಪು. ಅದು ನಿಜವೋ, ನಮ್ಮ ರೂಮಿನವರು ತಮಾಷೆಗೆ ಕಟ್ಟಿದ್ದೋ ಈಗ ಹೇಳಲಾರೆ. ಅವರ ವಿಷಯದಲ್ಲಿ ನನ್ನ ನೆನಪು ಒಮ್ಮೆ ನನಗೇ ಸುಳ್ಳು ಹೇಳಿದೆ.

ಅವರು ಪಾಣೆಮಂಗಳೂರಿನ ಬ್ಯಾರಿ. ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. "ಉಮ್ಮ ಕಟ್ಟಿದ ಬೀಡಿಗೆ ಲೇಬಲಿನಲ್ಲಿ ಯಾರದ್ದೋ ಮೀಸೆಯ ಫೋಟೋ," ಎನ್ನುತ್ತಿದ್ದರು. "ಉಮ್ಮನ ಹೆಸರು ಬೀಡಿ ಲೆಕ್ಕ ಹಿಡಿಯುವ ಬ್ರಾಂಚಿನವನ ಪುಸ್ತಕದಲ್ಲಿ ಮಾತ್ರ. ಅದೂ ತಪ್ಪು."

ಕರಾಮದ ಉಡುಗೊರೆ ಸಾಮಾನಿನ ಅಂಗಡಿಯೊಂದನ್ನು ಅವರು ನೋಡಿಕೊಳ್ಳುತ್ತಿದ್ದರು. ಅಂಗಡಿಯೂ ಅವರ ವೀಸಾವೂ ಮಾಲೀಕನವು. ಓದಿದ್ದು ನಾಲ್ಕನೆಯ ಕ್ಲಾಸು. ಹಿಂದಿ, ಅರಬಿ, ಇಂಗ್ಲಿಷ್ ಸಲೀಸಾಗಿ ಮಾತಾಡುತ್ತಿದ್ದರು. ಓದಲು ಮಾತ್ರ ಡಬ್ಬಗಳ ಮೇಲೆ ದೊಡ್ಡದಾಗಿ ಅಚ್ಚಾದ ದೇಶಗಳ ಹೆಸರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಾನು ಅವರ ರೂಮಿನಲ್ಲೇ ಇದ್ದೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಅಂಗಡಿಗಳಿಗೆ ಬರುವ ಸರಕಿನ ಕಸ್ಟಮ್ಸ್ ಕಾಗದ ತುಂಬುವ ಕಚೇರಿಗೆ ಸೇರಿದವನು. ಅದಕ್ಕೇ ನನ್ನನ್ನು "ಮಾಸ್ಟ್ರೆ" ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಲೇವಡಿ ಎಷ್ಟು ಎಂದು ನನಗೆ ತಿಳಿಯಲೇ ಇಲ್ಲ.

ಒಂದು ಚಳಿಗಾಲದ ಶುಕ್ರವಾರ ಇಬ್ಬರೂ ಅಬುಧಾಬಿಯ ಕರಕುಶಲ ಮೇಳಕ್ಕೆ ಹೋಗಿದ್ದೆವು. ಅಲ್ಲಿ ಡೆಲ್ಲಾ ಎಂಬ ನಡುವಯಸ್ಸಿನ ಹೆಂಗಸು ಚರ್ಮದ ಮೇಲೆ ಸಣ್ಣ ಮಣಿ ಹೊಲಿದ ಚೀಲ, ಪಟ್ಟಿ, ಕಡಗಗಳನ್ನು ಹರಡಿಕೊಂಡು ಕೂತಿದ್ದಳು. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರವಳು. ಉಸ್ಮಾನಾಕ ಒಂದು ಚೀಲ ಎತ್ತಿ ಮಗುಚಿದರು. ಹಿಂಬದಿಯಲ್ಲಿ ಒಂದು ಎಳೆ ನೂಲೂ ಇರಲಿಲ್ಲ. ಸೂಜಿ ಚರ್ಮದ ಅರ್ಧ ದಪ್ಪದವರೆಗೆ ಮಾತ್ರ ಇಳಿದು ಮೇಲೇಳಬೇಕು, ಅಜ್ಜಿ ಹಾಗೆಯೇ ಕಲಿಸಿದ್ದು ಎಂದಳು ಡೆಲ್ಲಾ. ತಮ್ಮೂರಲ್ಲಿ ಬೇರೆ ಕೆಲಸವಿಲ್ಲ, ಬಂದು ಕೊಳ್ಳುವವರು ಹೊಲಿದವರ ಹೆಸರು ತೆಗೆದು ಮಾರುತ್ತಾರೆ, ಈಗ ಏಳು ಮನೆಯವರು ಸೇರಿ ತಮ್ಮ ಹೆಸರಿನಲ್ಲೇ ಮಾರಿ ಮಕ್ಕಳಿಗೆ ಕಲಿಸುವ ಒಂದು ಮನೆ ಕಟ್ಟಬೇಕೆಂದಿದ್ದೇವೆ ಎಂದೂ ಹೇಳಿದಳು. ಉಸ್ಮಾನಾಕ ಬೀಡಿಯ ಕಥೆ ಹೇಳಿದರು. ನಮ್ಮನ್ನೂ ಇಂಡಿಯನ್ನರು ಅಂತಲೇ ಕರೆಯುತ್ತಾರೆ ಎಂದು ಅವಳು ನಕ್ಕಳು.

ಬಸ್ಸಿನಲ್ಲಿ ಉಸ್ಮಾನಾಕ ಹೇಳಿದರು: "ನಮ್ಮನ್ನು ಹುಡುಕ್ತಾ ಹೊರಟ ಹಡಗಿನವ ವಿಳಾಸ ತಪ್ಪಿ ಇವರ ಮನೆಗೆ ಹೊಕ್ಕದ್ದು, ಮಾಸ್ಟ್ರೆ. ಇಷ್ಟು ಕಾಲ ಆದ್ರೂ ಯಾರೂ ತಿದ್ದಲಿಲ್ಲ ನೋಡಿ."

ಮಾಲೀಕನನ್ನು ಒಪ್ಪಿಸಿ ಅಂಗಡಿಯಲ್ಲಿ ಡೆಲ್ಲಾಳ ಸಾಮಾನಿಗೊಂದು ಕಪಾಟು ಮಾಡಿದರು. ಪ್ರತಿಯೊಂದಕ್ಕೂ ಹೊಲಿದವರ ಹೆಸರಿನ ಚೀಟಿ. ಏಳು ಮನೆಯವರ ಹೆಸರನ್ನೂ ಬಾಯಿಪಾಠ ಮಾಡಿಕೊಂಡು, ಬೀಗರ ಪರಿಚಯ ಹೇಳುವಂತೆ ಗಿರಾಕಿಗಳಿಗೆ ಹೇಳುತ್ತಿದ್ದರು. ಚೌಕಾಸಿಗೆ ಬಂದವರಿಗೆ, ಅದು ಇಲ್ಲಿಲ್ಲ ಎಂಬ ಅರ್ಥದ ಒಂದೇ ಉತ್ತರ: "ಬಾರ್ಗೇನ್ ಮಾಫಿ."

ಎರಡನೆಯ ಪಾರ್ಸೆಲ್ ಬಂದಾಗ ಅವರು ರಜೆಯಲ್ಲಿ ಊರಿಗೆ ಹೋಗಿದ್ದರು. ಅದರ ಜೊತೆಗಿದ್ದ ಸಾಮಾನಿನ ಪಟ್ಟಿಯಲ್ಲಿ 'ಇಂಡಿಯನ್ ಮಣಿ ಕೆಲಸ' ಎಂದಿತ್ತು. ನಮ್ಮ ಕಚೇರಿ ತುಂಬಿದ ಕಾಗದದಲ್ಲಿ, ತಯಾರಾದ ದೇಶದ ಚೌಕದಲ್ಲಿ, 'ಇಂಡಿಯಾ' ಎಂದು ಬಿತ್ತು. ಅದನ್ನು ನೋಡಿ ಅಂಗಡಿಯ ಹುಡುಗಿಯರು ಮೇಡ್ ಇನ್ ಇಂಡಿಯಾ ಎಂಬ ಸ್ಟಿಕರ್ ಅಂಟಿಸಿದರು. ಊರಲ್ಲಿ ಇದು ಅರ್ಧ ಬೆಲೆಗೆ ಸಿಗುತ್ತದೆ ಎಂದು ನಮ್ಮ ದೇಶದ ಗಿರಾಕಿಗಳೇ ಜಗಳಕ್ಕೆ ನಿಂತರು. ಹಾಗಾದರೆ ಅಲ್ಲಿಯೇ ಮಾಡಿಸೋಣ ಎಂದು ಮಾಲೀಕನಿಗೆ ಹೊಳೆಯಿತು. ಉಸ್ಮಾನಾಕ ಮರಳುವಷ್ಟರಲ್ಲಿ ನಕಲು ಚೀಲಗಳು ಕಪಾಟು ತುಂಬಿದ್ದವು. ಒಂದೊಂದಕ್ಕೂ ಡೆಲ್ಲಾಳ ಮನೆಯವರದೇ ಹೆಸರಿನ ಚೀಟಿ.

ಅವರು ಒಂದನ್ನು ಮಗುಚಿದರು. ಹಿಂಬದಿ ತುಂಬ ನೂಲು.

ಹಿಂದೆ ಯಾರು ನೋಡುತ್ತಾರೆ ಎಂದನಂತೆ ಮಾಲೀಕ. ಉಸ್ಮಾನಾಕ ಹೆಸರಿನ ಚೀಟಿಗಳನ್ನೆಲ್ಲ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮಾಲು ನಿಮ್ಮದು, ಹೆಸರು ನಿಮ್ಮದಲ್ಲ ಎಂದರಂತೆ. ಅವರ ವೀಸಾ ಕ್ಯಾನ್ಸಲ್ ಆಯಿತು. ರೂಮಿಗೆ ಬಂದವರು ಖಲಾಸ್ ಎಂದಷ್ಟೇ ಹೇಳಿ ಚಪ್ಪಲಿ ಬಿಟ್ಟರು.

ಊರಿಗೆ ಹೊರಡುವ ಹಿಂದಿನ ದಿನ ಡೆಲ್ಲಾಳಿಗೆ ನನ್ನಿಂದ ಕಾಗದ ಬರೆಸಿದರು. "ಸುರು ಎಲ್ಲಿಂದ ಆಯ್ತು ಅಂತ ಬರೀರಿ," ಎಂದರು. "ಆ ಹಡಗಿನವನ ತಪ್ಪನ್ನೇ ನೀವು ಇನ್ನೊಮ್ಮೆ ಮಾಡಿದ್ದು." ದನಿಯಲ್ಲಿ ಸಿಟ್ಟಿರಲಿಲ್ಲ. ಬರೆದು ಕೊಟ್ಟೆ. ಅದನ್ನೂ ಮಗುಚಿ, ಖಾಲಿ ಬೆನ್ನು ನೋಡಿ, ಮತ್ತೆ ತಿರುಗಿಸಿದರು.

"ಇದರಲ್ಲಿ ನಿಮ್ಮ ಹೆಸರು ಎಲ್ಲುಂಟು?"

ನನ್ನ ಹೆಸರೇಕೆ ಎಂದೆ.

"ಮಾಡಿದವನ ಹೆಸರು ಬೇಕಲ್ಲ ಮಾಸ್ಟ್ರೆ. ತಪ್ಪಾದ್ರೂ ಒಂದು ಕೈ ಮಾಡಿದ್ದೇ ಅಲ್ವಾ?"

ಒಂದು ಪದಕ್ಕೆ ಬೆರಳಿಟ್ಟು ತೋರಿಸಿದೆ. ಅವರು ಅದರ ಕೆಳಗೆ ಉಗುರು ಎಳೆದು, ತಲೆಯಾಡಿಸಿ, ಚೀಟಿಗಳ ಜೊತೆ ಕಾಗದವನ್ನು ಲಕೋಟೆಗೆ ಹಾಕಿದರು.

ಡೆಲ್ಲಾ ಮಾಲೀಕನಿಗೆ ಬರೆದಳು. ನಕಲು ಮಾಲು ಕಪಾಟಿನಿಂದ ಇಳಿಯಿತು. ಅವಳ ಅಸಲಿ ಸಾಮಾನು ಅಬುಧಾಬಿಯ ಬೇರೊಂದು ಅಂಗಡಿ ಸೇರಿತು. ಅವಳ ಚಿಕ್ಕಮ್ಮ ಉಸ್ಮಾನಾಕನಿಗೆಂದೇ ಹೊಲಿದು ಕಳಿಸಿದ ಪುಟ್ಟ ಚೀಲವನ್ನು ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟೆ. ಅದನ್ನು ಮೊದಲು ಮಗುಚಿಯೇ ನೋಡಿರಬೇಕು. ಮೂರು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಫೋನಿಗೆ ಬಂತು.

ಆ ಕಾಗದದಲ್ಲಿ ನನ್ನ ಹೆಸರು ಬರೆದಿದ್ದೆ ಎಂದೇ ಇಷ್ಟು ದಿನ ನಂಬಿದ್ದೆ. ಯಾರಾದರೂ ಕೇಳಿದ್ದರೆ ಆಣೆಯಿಟ್ಟು ಹೇಳುತ್ತಿದ್ದೆ. ಮೊನ್ನೆ ಹಳೆಯ ಫೈಲಿನಲ್ಲಿ ಅದರ ಪ್ರತಿ ಸಿಕ್ಕಿತು. 'ನಮ್ಮ ಕಚೇರಿಯಲ್ಲಿ ಒಂದು ತಪ್ಪು ನಡೆದುಹೋಯಿತು' ಎಂದು ಇಂಗ್ಲಿಷಿನಲ್ಲಿದೆ. ಉಗುರು ಎಳೆದ ಗೀರು ಪ್ರತಿಯಲ್ಲಿ ಇರುವುದಿಲ್ಲ. ಆದರೂ ನನ್ನ ಹೆಸರೆಂದು ತೋರಿಸಿದ ಆ ಪದ ಯಾವುದೆಂದು ನನಗೆ ಗೊತ್ತು: ಕಚೇರಿ.

ಆ ಚೌಕದಲ್ಲಿ ಇಂಡಿಯಾ ಎಂದು ಬರೆದವನು ನಾನು, ವಸಂತ.